ಪ್ರಕರಣ ಸಭೆ: ಉದರರೋಗ ವೈದ್ಯರ ನಿರಂತರ ಪಾಠಶಾಲೆ

ಕ್ಲಿಷ್ಟವಾದ ಪ್ರಕರಣವೊಂದನ್ನು ಸಹೋದ್ಯೋಗಿಗಳ ಮುಂದಿಟ್ಟು, ರೋಗ ಯಾವುದಿರಬಹುದೆಂದು ತರ್ಕಿಸಿ, ಕೊನೆಗೆ ಅಂಗಾಂಶ ಪರೀಕ್ಷೆಯ ಇಲ್ಲವೇ ಶವಪರೀಕ್ಷೆಯ ಫಲಿತಾಂಶದೊಡನೆ ಆ ತರ್ಕವನ್ನು ಒರೆಗೆ ಹಚ್ಚುವ ವೈದ್ಯರ ಸಭೆಗೆ ಪ್ರಕರಣ ಸಭೆ ಎಂದು ಹೆಸರು. ವೈದ್ಯವಲಯದಲ್ಲಿ ಇದು ‘ಕೇಸ್ ಕಾನ್ಫರೆನ್ಸ್’ ಎಂದೇ ಪರಿಚಿತ. ವೃತ್ತಿಗಿಳಿದ ವೈದ್ಯರು ಕಾಲಕಾಲಕ್ಕೆ ತಮ್ಮ ಅರಿವನ್ನು ಹೊಸದಾಗಿಸಿಕೊಳ್ಳಲು ಇರುವ ನಿರಂತರ ವೈದ್ಯಕೀಯ ಶಿಕ್ಷಣದ ಮಾರ್ಗಗಳಲ್ಲಿ ಇದೂ ಒಂದು. ಅನ್ನನಾಳ, ಜಠರ, ಕರುಳು, ಯಕೃತ್ತು, ಪಿತ್ತಕೋಶ ಹಾಗೂ ಮೇದೋಜೀರಕ ಗ್ರಂಥಿಯ ಕಾಯಿಲೆಗಳನ್ನು ನೋಡುವ ಉದರರೋಗ ವಿಭಾಗದಲ್ಲಂತೂ ಇದರ ಅಗತ್ಯ ಹೆಚ್ಚು. ಹೊಟ್ಟೆಯೊಳಗಿನ ಹತ್ತಾರು ರೋಗಗಳು ಹೊರಗೆ ಕಾಣಿಸಿಕೊಳ್ಳುವುದು ನೋವು, ವಾಂತಿ, ಭೇದಿ, ಜ್ವರ, ಕಾಮಾಲೆ, ತೂಕ ಇಳಿತ ಎಂಬ ಐದಾರು ಲಕ್ಷಣಗಳ ಮೂಲಕವೇ ಆಗಿರುವುದು ಇದಕ್ಕೆ ಕಾರಣ.

ದಂಡುಪ್ರದೇಶದ ಹಿನ್ನೆಲೆ

ಬೆಂಗಳೂರಿನ ಹಲಸೂರು ಮತ್ತು ಅದರ ಸುತ್ತಲಿನ ದಂಡುಪ್ರದೇಶಕ್ಕೂ ಉದರರೋಗಗಳಿಗೂ ಹಳೆಯ ನಂಟಿದೆ. 19ನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ಹಲಸೂರಿನ ಬಳಿ ದಂಡು ಕಟ್ಟಿದ ಮೇಲೆ ಸೈನಿಕರೂ ಅವರನ್ನು ಆಶ್ರಯಿಸಿದ ವರ್ತಕರು, ಕೂಲಿಕಾರರೂ ಇಲ್ಲಿ ಕಿಕ್ಕಿರಿದು ನೆಲೆಸಿದರು. ಕೊಳವೆ ನೀರು ಬರುವ ಮುನ್ನ ಕೆರೆ, ಬಾವಿಗಳೇ ಎಲ್ಲರಿಗೂ ಆಧಾರ. ನೀರು ಕೆಟ್ಟಾಗಲೆಲ್ಲ ಕಾಲರಾ, ಆಮಶಂಕೆ, ವಿಷಮಶೀತ ಜ್ವರಗಳು ಮರುಕಳಿಸುತ್ತಿದ್ದವು.

1895ರಲ್ಲಿ ಬೆಂಗಳೂರಿನಲ್ಲಿ ಕಾಲರಾ ಕಾಣಿಸಿಕೊಂಡಾಗ ಅದನ್ನು ಹತ್ತಿಕ್ಕಲು ಸರ್ಕಾರ ಇಲ್ಲಿಗೆ ಕಳುಹಿಸಿದ್ದು ಸೇನಾ ವೈದ್ಯ ರೊನಾಲ್ಡ್ ರಾಸ್ ಅವರನ್ನು. ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆಂದು 1897ರಲ್ಲಿ ಸಿಕಂದರಾಬಾದಿನಲ್ಲಿ ಕಂಡುಕೊಂಡು, 1902ರಲ್ಲಿ ನೊಬೆಲ್ ಪ್ರಶಸ್ತಿ ಪಡೆದವರು ಇವರೇ. ಕಾಲರಾ ರೋಗಾಣುವನ್ನು ಜರ್ಮನಿಯ ರಾಬರ್ಟ್ ಕಾಕ್ ಕಲ್ಕತ್ತೆಯಲ್ಲಿ ಗುರುತಿಸಿ ಆಗಲೇ 11 ವರ್ಷ ಕಳೆದಿತ್ತು. ಆದರೂ ಕಾಲರಾ ಹರಡುವುದು ಕೆಟ್ಟ ಗಾಳಿಯಿಂದಲೋ ಕೆಟ್ಟ ನೀರಿನಿಂದಲೋ ಎಂಬ ವಾದವನ್ನು ಭಾರತದ ವೈದ್ಯಾಧಿಕಾರಿಗಳಲ್ಲಿ ಹಲವರು ಬಿಟ್ಟಿರಲಿಲ್ಲ. ಪ್ರಯೋಗಾಲಯದಲ್ಲಿ ಸಿದ್ಧವಾದ ಸತ್ಯ ವೈದ್ಯರ ದಿನನಿತ್ಯದ ರೂಢಿಯೊಳಗೆ ಇಳಿಯಲು ಎಷ್ಟು ಕಾಲ ಹಿಡಿಯುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ. ನಿರಂತರ ವೈದ್ಯಕೀಯ ಶಿಕ್ಷಣ ಎದುರಿಸುತ್ತಿರುವ ಪ್ರಶ್ನೆಯೂ ಇದೇ.

ಇಂದು ನಗರದ ಪೂರ್ವಭಾಗದಲ್ಲಿ ದೊಡ್ಡ ಆಸ್ಪತ್ರೆಗಳಿಗೆ ಕೊರತೆಯಿಲ್ಲ. ಶಿವಾಜಿನಗರದ ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆ 19ನೇ ಶತಮಾನದಿಂದ ದಂಡುಪ್ರದೇಶದ ಬಡವರ ಆಸರೆ. ಈಗ ಸರ್ಕಾರಿ ವೈದ್ಯಕೀಯ ಕಾಲೇಜಿನ ಬೋಧನಾ ಆಸ್ಪತ್ರೆಯೂ ಹೌದು. ಹಲಸೂರಿಗೆ ಹತ್ತಿರದ ಅಗರದಲ್ಲಿರುವ ವಾಯುಪಡೆಯ ಕಮಾಂಡ್ ಆಸ್ಪತ್ರೆ ಸೈನಿಕರ ಶುಶ್ರೂಷೆಯೊಂದಿಗೆ ಸ್ನಾತಕೋತ್ತರ ಶಿಕ್ಷಣವನ್ನೂ ನೀಡುತ್ತದೆ. ಇಂತಹ ಬೋಧನಾ ಆಸ್ಪತ್ರೆಗಳಲ್ಲಿ ಪ್ರಕರಣ ಮಂಡನೆ ತರಬೇತಿಯ ಅಂಗವೇ ಆಗಿದೆ. ಆದರೆ ಹೊಟ್ಟೆನೋವಿನ ರೋಗಿ ಮೊದಲು ಹೋಗುವುದು ಬೀದಿಯ ಕೊನೆಯ ಕ್ಲಿನಿಕ್ಕಿಗೆ. ಅಲ್ಲಿ ಒಬ್ಬರೇ ಕುಳಿತು ಸಂಜೆಯೊಳಗೆ ಹತ್ತಾರು ರೋಗಿಗಳನ್ನು ನೋಡುವ ವೈದ್ಯರಿಗೆ ತಮ್ಮ ಊಹೆ ಸರಿಯೋ ತಪ್ಪೋ ಎಂದು ತಿಳಿಸುವವರು ಯಾರೂ ಇರುವುದಿಲ್ಲ. ಗುಣವಾಗದ ರೋಗಿ ಮರಳಿ ಬರದೆ ಬೇರೊಬ್ಬರ ಬಳಿ ಹೋಗಿಬಿಡುತ್ತಾನೆ. ಪ್ರಕರಣ ಸಭೆ ತುಂಬಬಲ್ಲ ಕೊರತೆ ಇದೇ.

ಸಭೆ ನಡೆಯುವ ಬಗೆ

ಈ ಸಭೆಗೆ ಒಂದು ನಿಶ್ಚಿತ ಕ್ರಮವಿದೆ. ಮೊದಲಿಗೆ ಕಿರಿಯ ವೈದ್ಯರೊಬ್ಬರು ರೋಗಿಯ ಹೆಸರು ಹೇಳದೆ ವಯಸ್ಸು, ಉದ್ಯೋಗ, ದೂರುಗಳು, ಅವು ಆರಂಭವಾದ ಕ್ರಮ, ದೇಹಪರೀಕ್ಷೆಯಲ್ಲಿ ಕಂಡದ್ದು ಮತ್ತು ರಕ್ತಪರೀಕ್ಷೆಯ ವಿವರಗಳನ್ನು ಮಂಡಿಸುತ್ತಾರೆ. ಬಳಿಕ ಹಿರಿಯ ವೈದ್ಯರೊಬ್ಬರು ಆ ವಿವರಗಳನ್ನಷ್ಟೇ ಆಧಾರವಾಗಿಟ್ಟುಕೊಂಡು ಚರ್ಚೆ ನಡೆಸುತ್ತಾರೆ. ಅಂತಿಮ ಫಲಿತಾಂಶ ಅವರಿಗೆ ಗೊತ್ತಿರಬಾರದೆಂಬುದು ನಿಯಮ. ಯಾವ ಲಕ್ಷಣಕ್ಕೆ ಎಷ್ಟು ತೂಕ, ಯಾವ ರೋಗವನ್ನು ಏಕೆ ಕೈಬಿಡಬೇಕು, ಮುಂದಿನ ಪರೀಕ್ಷೆ ಯಾವುದು ಎಂಬುದನ್ನೆಲ್ಲ ಅವರು ಎಲ್ಲರೂ ಕೇಳುವಂತೆ ಬಿಡಿಸಿ ಹೇಳಿ, ಕೊನೆಗೆ ಒಂದು ನಿದಾನಕ್ಕೆ ಬರಬೇಕು. ರೇಡಿಯಾಲಜಿ ತಜ್ಞರು ಸ್ಕ್ಯಾನ್ ಚಿತ್ರಗಳನ್ನೂ ಎಂಡೋಸ್ಕೋಪಿ ನಡೆಸಿದವರು ಅದರ ದೃಶ್ಯಗಳನ್ನೂ ತೋರಿಸುತ್ತಾರೆ.

ಕೊನೆಯ ಮಾತು ಪೆಥಾಲಜಿ ತಜ್ಞರದು. ಸೂಕ್ಷ್ಮದರ್ಶಕದಡಿ ಕಂಡ ಅಂಗಾಂಶದ ಚಿತ್ರ ಪರದೆಯ ಮೇಲೆ ಮೂಡಿದಾಗ ಚರ್ಚಕರ ತರ್ಕ ಗೆದ್ದಿತೋ ಸೋತಿತೋ ಎಂಬುದು ಇತ್ಯರ್ಥವಾಗುತ್ತದೆ. ಹಿರಿಯರೊಬ್ಬರು ಕಿರಿಯರೆದುರು ‘ನನ್ನ ಊಹೆ ತಪ್ಪಾಯಿತು’ ಎಂದು ಒಪ್ಪಿಕೊಳ್ಳುವ ಆ ಗಳಿಗೆಯೇ ಸಭೆಯ ಸಾರ. ತಪ್ಪಿದ್ದು ಎಲ್ಲಿ ಎಂದು ಹಿಂದಿರುಗಿ ನೋಡಿದಾಗ ದೊರೆಯುವ ಪಾಠ ಸುಲಭವಾಗಿ ಮರೆಯುವಂಥದ್ದಲ್ಲ.

ಇದೇ ಕುಟುಂಬಕ್ಕೆ ಸೇರಿದ ಇನ್ನೂ ಕೆಲವು ಸಭೆಗಳುಂಟು. ಆಸ್ಪತ್ರೆಯಲ್ಲಿ ಸಂಭವಿಸಿದ ಸಾವು ಮತ್ತು ತೊಡಕುಗಳನ್ನು ಪರಿಶೀಲಿಸುವ ಸಭೆ, ಕ್ಯಾನ್ಸರ್ ರೋಗಿಗೆ ಶಸ್ತ್ರಚಿಕಿತ್ಸೆ ಮೊದಲೋ ಕೀಮೋಥೆರಪಿ ಮೊದಲೋ ಎಂದು ನಿರ್ಧರಿಸುವ ‘ಟ್ಯೂಮರ್ ಬೋರ್ಡ್’, ಯಕೃತ್ತಿನ ಕಸಿ ಅಗತ್ಯವೇ ಎಂದು ತೂಗಿನೋಡುವ ತಂಡದ ಸಭೆ ಇವುಗಳಲ್ಲಿ ಮುಖ್ಯವಾದವು.

ಒಂದೇ ಚಿತ್ರ, ಎರಡು ರೋಗ

ಉದರರೋಗದಲ್ಲಿ ಈ ಸಭೆಗಳ ಬೆಲೆಯೇನೆಂದು ತಿಳಿಯಲು ಉದಾಹರಣೆಗೆಂದು ಒಂದು ಪ್ರಕರಣವನ್ನು ಊಹಿಸಿಕೊಳ್ಳಬಹುದು. ಸಿದ್ಧ ಉಡುಪು ಕಾರ್ಖಾನೆಯಲ್ಲಿ ದುಡಿಯುವ 28ರ ಹರೆಯದ ಮಹಿಳೆ. ಆರು ತಿಂಗಳಿಂದ ಹೊಟ್ಟೆಯ ಬಲ ಕೆಳಭಾಗದಲ್ಲಿ ಬಂದುಹೋಗುವ ನೋವು, ಆಗಾಗ ಭೇದಿ, ಸಂಜೆಯ ಹೊತ್ತು ಸಣ್ಣ ಜ್ವರ, ಎಂಟು ಕಿಲೋ ತೂಕ ಇಳಿತ, ರಕ್ತಹೀನತೆ. ಗ್ಯಾಸ್ಟ್ರಿಕ್ ಮಾತ್ರೆ, ಜಂತುಹುಳುವಿನ ಔಷಧ ಎಲ್ಲವೂ ಮುಗಿದಿವೆ. ಕೊಲೊನೋಸ್ಕೋಪಿಯಲ್ಲಿ ಸಣ್ಣ ಕರುಳು ದೊಡ್ಡ ಕರುಳನ್ನು ಕೂಡುವ ಜಾಗದಲ್ಲಿ ಹುಣ್ಣುಗಳೂ ಕರುಳಿನ ದಾರಿ ಕಿರಿದಾಗಿರುವುದೂ ಕಾಣುತ್ತವೆ.

ಭಾರತದಲ್ಲಿ ಈ ಚಿತ್ರಕ್ಕೆ ಎರಡು ಮುಖ್ಯ ಉತ್ತರಗಳಿವೆ. ಒಂದು ಕರುಳಿನ ಕ್ಷಯ, ಇನ್ನೊಂದು ಕ್ರೋನ್ಸ್ ಕಾಯಿಲೆ. ಮೊದಲನೆಯದು ರೋಗಾಣುವಿನಿಂದ ಬರುವ ಸೋಂಕು. ಆರು ತಿಂಗಳ ಔಷಧದಿಂದ ಬಹುಪಾಲು ಗುಣವಾಗುತ್ತದೆ. ಎರಡನೆಯದು ದೇಹದ ರೋಗನಿರೋಧಕ ವ್ಯವಸ್ಥೆ ಕರುಳಿನ ಮೇಲೆಯೇ ತಿರುಗಿಬೀಳುವ, ಬಾಳಿನುದ್ದಕ್ಕೂ ಹತೋಟಿಯಲ್ಲಿಡಬೇಕಾದ ಕಾಯಿಲೆ. 1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸಿನಾಯ್ ಆಸ್ಪತ್ರೆಯ ಬರಿಲ್ ಕ್ರೋನ್ ಮತ್ತು ಸಂಗಡಿಗರು ಇದನ್ನು ಪ್ರತ್ಯೇಕ ರೋಗವೆಂದು ವಿವರಿಸಿದರು. ಅದಕ್ಕೂ ಮುನ್ನ ಇಂತಹ ರೋಗಿಗಳಲ್ಲಿ ಅನೇಕರಿಗೆ ಕ್ಷಯದ ಹಣೆಪಟ್ಟಿಯೇ ಅಂಟುತ್ತಿತ್ತು.

ಎರಡೂ ರೋಗಗಳು ಇಷ್ಟಪಡುವುದು ಕರುಳಿನ ಅದೇ ಜಾಗವನ್ನು. ಬಯಾಪ್ಸಿಯಲ್ಲಿ ಎರಡರಲ್ಲೂ ಗ್ರಾನ್ಯುಲೋಮ ಎಂಬ ಜೀವಕೋಶಗಳ ಗಂಟು ಕಾಣಿಸಬಹುದು. ಗಂಟಿನ ನಡುವೆ ಗಿಣ್ಣಿನಂತೆ ಪುಡಿಯಾದ ಸತ್ತ ಅಂಗಾಂಶವಿದ್ದರೆ ಅಥವಾ ಕ್ಷಯದ ರೋಗಾಣು ಕಂಡರೆ ಸಂಶಯ ತೀರಿತು. ಆದರೆ ಅವು ಕೈಗೆ ಸಿಗುವುದು ಕೆಲವೇ ರೋಗಿಗಳಲ್ಲಿ. ಜೀನ್ ಎಕ್ಸ್‌ಪರ್ಟ್ ಪರೀಕ್ಷೆ ‘ಇದೆ’ ಎಂದರೆ ನಂಬಬಹುದು; ‘ಇಲ್ಲ’ ಎಂದರೆ ಕರುಳಿನ ಮಟ್ಟಿಗೆ ಪೂರ್ತಿ ನಂಬಲಾಗದು. ಆದ್ದರಿಂದ ವೈದ್ಯರು ಸಣ್ಣಪುಟ್ಟ ಸುಳಿವುಗಳನ್ನು ಕೂಡಿಸಬೇಕಾಗುತ್ತದೆ. ಹುಣ್ಣು ಕರುಳಿಗೆ ಅಡ್ಡಲಾಗಿದ್ದರೆ, ಹೊಟ್ಟೆಯಲ್ಲಿ ನೀರು ತುಂಬಿದ್ದರೆ, ದುಗ್ಧಗ್ರಂಥಿಗಳು ಒಳಗೇ ಕೊಳೆತಂತೆ ಸ್ಕ್ಯಾನಿನಲ್ಲಿ ಕಂಡರೆ, ಶ್ವಾಸಕೋಶದಲ್ಲಿ ಕಲೆಯಿದ್ದರೆ ಕ್ಷಯದ ಕಡೆ ತಕ್ಕಡಿ ವಾಲುತ್ತದೆ. ಹುಣ್ಣು ಉದ್ದುದ್ದವಾಗಿದ್ದು, ನಡುನಡುವೆ ಆರೋಗ್ಯವಂತ ಕರುಳು ಉಳಿದಿದ್ದರೆ, ಗುದದ ಸುತ್ತ ನಾಳವ್ರಣಗಳಿದ್ದರೆ ಕ್ರೋನ್ಸ್ ಕಡೆಗೆ.

ತಕ್ಕಡಿ ತಪ್ಪಿದರೆ ತೆರಬೇಕಾದ ಬೆಲೆ ಸಣ್ಣದಲ್ಲ. ಕ್ಷಯವನ್ನು ಕ್ರೋನ್ಸ್ ಎಂದು ಬಗೆದು ಸ್ಟೀರಾಯ್ಡ್ ಅಥವಾ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಚುಚ್ಚುಮದ್ದು ಕೊಟ್ಟರೆ ಕ್ಷಯ ಮೈಯೆಲ್ಲ ಹರಡಿ ಪ್ರಾಣಕ್ಕೆ ಎರವಾಗಬಹುದು. ಕ್ರೋನ್ಸ್ ಅನ್ನು ಕ್ಷಯವೆಂದು ಬಗೆದರೆ ಯಕೃತ್ತಿಗೆ ಘಾಸಿ ಮಾಡಬಲ್ಲ ಔಷಧಗಳನ್ನು ತಿಂಗಳುಗಟ್ಟಲೆ ವೃಥಾ ನುಂಗಿಸಿದಂತಾಗುತ್ತದೆ. ಅಷ್ಟರಲ್ಲಿ ಕರುಳು ಇನ್ನಷ್ಟು ಬಿಗಿದು ಶಸ್ತ್ರಚಿಕಿತ್ಸೆಯ ಹಂತಕ್ಕೆ ಬರಬಹುದು. ನಿರ್ಧಾರ ಸಾಧ್ಯವೇ ಆಗದಿದ್ದಾಗ ಭಾರತದಲ್ಲಿ ರೂಢಿಗೆ ಬಂದಿರುವುದು ಮೊದಲು ಕ್ಷಯದ ಚಿಕಿತ್ಸೆ ಆರಂಭಿಸಿ, ಎರಡು ಮೂರು ತಿಂಗಳ ನಂತರ ಮತ್ತೆ ಕೊಲೊನೋಸ್ಕೋಪಿ ಮಾಡಿ ಹುಣ್ಣು ಮಾಗಿದೆಯೇ ಎಂದು ನೋಡುವ ಕ್ರಮ. ರೋಗಿಗೆ ಹಿತವೆನಿಸಿದ್ದು ಸಾಲದು, ಹುಣ್ಣು ಮಾಗಿರಲೇಬೇಕು ಎಂಬ ಎಚ್ಚರ ಬಂದಿರುವುದು ಹೀಗೆ ದಾರಿ ತಪ್ಪಿದ ಪ್ರಕರಣಗಳನ್ನು ಒಂದೊಂದಾಗಿ ಹಿಂದಿರುಗಿ ನೋಡಿದ್ದರಿಂದಲೇ.

ತಪ್ಪು ರೋಗಿಯದೋ ವ್ಯವಸ್ಥೆಯದೋ ಎಂದು ಹುಡುಕುವ ಪರಂಪರೆ ಕರ್ನಾಟಕಕ್ಕೆ ಹೊಸದೇನಲ್ಲ. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಶ್ವಾಸಕೋಶ ಕ್ಷಯದ ರೋಗಿಗಳನ್ನು ಅಧ್ಯಯನ ಮಾಡಿ 1963ರಲ್ಲಿ ವರದಿ ಪ್ರಕಟಿಸಿದರು. ಹಳ್ಳಿಗರು ಅಜ್ಞಾನದಿಂದ ಆಸ್ಪತ್ರೆಗೆ ಬರುವುದಿಲ್ಲವೆಂಬುದು ಆಗಿನ ನಂಬಿಕೆ. ಆದರೆ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಚಿಕಿತ್ಸೆ ಅರಸಿ ಹೋಗಿದ್ದರು; ಅವರಲ್ಲಿ ಬಹುತೇಕರ ಕೈಗೆ ಕೆಮ್ಮಿನ ಔಷಧದ ಬಾಟಲಿ ಕೊಟ್ಟು ಕಳುಹಿಸಲಾಗಿತ್ತು.

ಪದ್ಧತಿಯ ಮೂಲ

ವೈದ್ಯರು ತಮ್ಮ ತಪ್ಪುಗಳನ್ನು ಹೀಗೆ ಸಭೆಯಲ್ಲಿಟ್ಟು ನೋಡುವ ಪದ್ಧತಿ ರೂಪುಗೊಂಡದ್ದು ಅಮೆರಿಕದ ಬಾಸ್ಟನ್ ನಗರದಲ್ಲಿ. ಹಾರ್ವರ್ಡಿನಲ್ಲಿ ವೈದ್ಯ ವಿದ್ಯಾರ್ಥಿಯಾಗಿದ್ದ ವಾಲ್ಟರ್ ಕ್ಯಾನನ್, ತನ್ನ ಕೋಣೆಯ ಸಂಗಾತಿಯಾಗಿದ್ದ ಕಾನೂನು ವಿದ್ಯಾರ್ಥಿ ಹಳೆಯ ಮೊಕದ್ದಮೆಗಳನ್ನು ಚರ್ಚಿಸಿಯೇ ಕಾನೂನು ಕಲಿಯುವುದನ್ನು ಕಂಡು, ವೈದ್ಯಶಾಸ್ತ್ರವನ್ನೂ ಹೀಗೆಯೇ ಕಲಿಸಬಹುದೆಂದು 1900ರಲ್ಲಿ ಲೇಖನ ಬರೆದರು. ಈ ಕ್ಯಾನನ್ ಮುಂದೆ ಹೆಸರಾದದ್ದು ಜೀರ್ಣಕ್ರಿಯೆಯ ಸಂಶೋಧಕರಾಗಿ. ಎಕ್ಸ್-ರೇ ಬಂದ ಹೊಸತರಲ್ಲೇ ಪ್ರಾಣಿಗಳಿಗೆ ಬಿಸ್ಮತ್ ಬೆರೆಸಿದ ಆಹಾರ ತಿನ್ನಿಸಿ, ಜಠರ ಮತ್ತು ಕರುಳಿನ ಚಲನೆಯನ್ನು ಕಣ್ಣಾರೆ ಕಂಡು ದಾಖಲಿಸಿದವರಲ್ಲಿ ಅವರು ಮೊದಲಿಗರು.

ಕ್ಯಾನನ್ನರ ಸಲಹೆಯನ್ನು ಮುಂದಕ್ಕೆ ಒಯ್ದವರು ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ರಿಚರ್ಡ್ ಕ್ಯಾಬಟ್. ರೋಗಿ ಬದುಕಿದ್ದಾಗ ವೈದ್ಯರು ಹೇಳಿದ ರೋಗವನ್ನೂ ಶವಪರೀಕ್ಷೆಯಲ್ಲಿ ಕಂಡ ರೋಗವನ್ನೂ ಅಕ್ಕಪಕ್ಕ ಇಟ್ಟು ಅವರು ಹೋಲಿಸಿದರು. 3000 ಶವಪರೀಕ್ಷೆಗಳನ್ನು ಆಧರಿಸಿ 1912ರಲ್ಲಿ ಅವರು ಪ್ರಕಟಿಸಿದ ವರದಿ ವೈದ್ಯರ ತಪ್ಪುಗಳನ್ನು ಮುಚ್ಚುಮರೆಯಿಲ್ಲದೆ ತೋರಿಸಿದ್ದರಿಂದ ಸಹೋದ್ಯೋಗಿಗಳ ಮುನಿಸಿಗೂ ಕಾರಣವಾಯಿತು. ಆದರೆ ಅವರು ಆರಂಭಿಸಿದ ಸಭೆ ನಿಲ್ಲಲಿಲ್ಲ. ಆ ಆಸ್ಪತ್ರೆಯ ಪ್ರಕರಣಗಳು 1920ರ ದಶಕದಿಂದ ಇಂದಿನ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಪ್ರಕಟವಾಗುತ್ತ ಬಂದಿವೆ.

ಹಳೆಯ ನಂಬಿಕೆ ಬಿಡುವ ಕಷ್ಟ

ಹೊಸದನ್ನು ಕಲಿಯುವುದಕ್ಕಿಂತ ಹಳೆಯದನ್ನು ಬಿಡುವುದು ಕಷ್ಟ ಎಂಬುದಕ್ಕೆ ಜಠರದ ಹುಣ್ಣಿಗಿಂತ ಉತ್ತಮ ಉದಾಹರಣೆ ಸಿಗದು. ಹುಣ್ಣಿಗೆ ಆಮ್ಲ, ಖಾರ, ಚಿಂತೆಗಳೇ ಕಾರಣವೆಂದು ತಲೆಮಾರುಗಳ ಕಾಲ ಬೋಧಿಸಲಾಗಿತ್ತು. ಆಸ್ಟ್ರೇಲಿಯಾದ ಪರ್ತ್ ನಗರದ ಪೆಥಾಲಜಿ ತಜ್ಞ ರಾಬಿನ್ ವಾರನ್ ಮತ್ತು ಯುವ ವೈದ್ಯ ಬ್ಯಾರಿ ಮಾರ್ಷಲ್ 1982ರಲ್ಲಿ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾವನ್ನು ಬೆಳೆಸಿ ತೋರಿಸಿದಾಗ ನಂಬಿದವರು ಕಡಿಮೆ. ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು ಜಠರದ ಉರಿಯೂತ ಬರಿಸಿಕೊಂಡರು. ಹುಣ್ಣಿನ ರೋಗಿಗಳಲ್ಲಿ ಈ ಸೋಂಕಿದ್ದರೆ ಆ್ಯಂಟಿಬಯಾಟಿಕ್ ಕೊಡಬೇಕೆಂದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಭೆ ಶಿಫಾರಸು ಮಾಡಿದ್ದು 1994ರಲ್ಲಿ. ನೊಬೆಲ್ ಬಂದದ್ದು 2005ರಲ್ಲಿ. ನಡುವಣ ವರ್ಷಗಳಲ್ಲಿ ಎಷ್ಟೋ ರೋಗಿಗಳು ಆಮ್ಲ ತಗ್ಗಿಸುವ ಮಾತ್ರೆ ನುಂಗುತ್ತಲೇ ಇದ್ದರು.

ಕಲಿಕೆಯ ವಿಧಾನ ಇಲ್ಲಿ ಮುಖ್ಯವಾಗುತ್ತದೆ. ಕೆನಡಾದ ಡೇವಿಡ್ ಡೇವಿಸ್ ಮತ್ತು ಸಂಗಡಿಗರು ವೈದ್ಯರ ಮುಂದುವರಿಕೆ ಶಿಕ್ಷಣದ ಪ್ರಯೋಗಗಳನ್ನು ಒಟ್ಟುಗೂಡಿಸಿ 1999ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಬರೀ ಉಪನ್ಯಾಸ ಕೇಳಿ ಹೋದ ವೈದ್ಯರ ಚಿಕಿತ್ಸಾ ಕ್ರಮದಲ್ಲಿ ಬದಲಾವಣೆ ಕಾಣಲಿಲ್ಲ. ಪಾಲ್ಗೊಂಡವರು ತಾವೇ ಚರ್ಚಿಸಿ, ಪ್ರಕರಣ ಬಿಡಿಸಿ, ಅಭ್ಯಾಸ ಮಾಡುವ ಕಾರ್ಯಕ್ರಮಗಳು ಬದಲಾವಣೆ ತರಬಲ್ಲವೆಂದು ಅದು ತೋರಿಸಿತು.

ಐದು ವರ್ಷಕ್ಕೆ ಮೂವತ್ತು ಗಂಟೆ

ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡವಳಿಕೆ ನಿಯಮಾವಳಿಯ ಪ್ರಕಾರ ವೈದ್ಯರು ಪ್ರತಿ ಐದು ವರ್ಷಕ್ಕೆ ಕನಿಷ್ಠ 30 ಗಂಟೆಗಳ ಮುಂದುವರಿಕೆ ಶಿಕ್ಷಣ ಪಡೆಯಬೇಕು. ರಾಜ್ಯದಲ್ಲಿ ವೈದ್ಯರ ನೋಂದಣಿಯನ್ನೂ ಕಾರ್ಯಕ್ರಮಗಳಿಗೆ ಅಂಕ ನೀಡುವ ಕೆಲಸವನ್ನೂ ನೋಡಿಕೊಳ್ಳುವುದು ಕರ್ನಾಟಕ ವೈದ್ಯಕೀಯ ಪರಿಷತ್ತು. 2023ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊಸ ನಿಯಮಾವಳಿ ಹೊರಡಿಸಿತಾದರೂ ಅದೇ ತಿಂಗಳು ಅದನ್ನು ತಡೆಹಿಡಿದು, 2002ರ ನಿಯಮಗಳನ್ನೇ ಮತ್ತೆ ಜಾರಿಯಲ್ಲಿಟ್ಟಿತು.

ವರ್ಷಕ್ಕೆ ಆರು ಗಂಟೆ ಎಂಬುದು ದೊಡ್ಡ ಹೊರೆಯೇನಲ್ಲ. ಅದನ್ನು ಹೇಗೆ ತುಂಬಲಾಗುತ್ತದೆ ಎಂಬುದೇ ಪ್ರಶ್ನೆ. ಸಭಾಂಗಣದಲ್ಲಿ ಹೆಸರು ನೋಂದಾಯಿಸಿ ಎರಡು ಉಪನ್ಯಾಸ ಕೇಳಿದರೂ ಅಂಕ ಸಿಗುತ್ತದೆ. ತನ್ನದೇ ಎಡವಟ್ಟಿನ ಪ್ರಕರಣವನ್ನು ಹತ್ತು ಜನರೆದುರು ಬಿಚ್ಚಿಟ್ಟರೂ ಎಣಿಕೆಗೆ ಬರುವುದು ಗಂಟೆಗಳೇ. ಕಾರ್ಯಕ್ರಮದ ವೆಚ್ಚವನ್ನು ಔಷಧ ಕಂಪನಿ ಭರಿಸಿದಾಗ ಚರ್ಚೆ ಯಾವ ಕಡೆ ವಾಲೀತು ಎಂಬ ಆತಂಕವೂ ಇದೆ. ವೈದ್ಯರು ಕಂಪನಿಗಳಿಂದ ಉಡುಗೊರೆ, ಪ್ರವಾಸ, ಆತಿಥ್ಯ ಪಡೆಯುವುದನ್ನು 2009ರ ಡಿಸೆಂಬರ್ ತಿದ್ದುಪಡಿ ನಿಷೇಧಿಸಿತು. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಔಷಧ ಮಾರಾಟ ಸಂಹಿತೆ ಇಂತಹ ಶಿಕ್ಷಣ ಕಾರ್ಯಕ್ರಮಗಳನ್ನು ವಿದೇಶದಲ್ಲಿ ಏರ್ಪಡಿಸದಂತೆ ತಡೆದಿದೆ. ಆಸ್ಪತ್ರೆಯ ಕೋಣೆಯೊಂದರಲ್ಲಿ ಒಂದು ಪರದೆ, ಒಂದು ಸೂಕ್ಷ್ಮದರ್ಶಕ ಮತ್ತು ಮಾತನಾಡಲು ಮನಸ್ಸಿರುವ ವೈದ್ಯರಿದ್ದರೆ ನಡೆಯಬಲ್ಲ ಪ್ರಕರಣ ಸಭೆಗೆ ಪ್ರಾಯೋಜಕರ ಹಂಗೂ ಬೇಕಿಲ್ಲ.

ದೂರದೂರಿಗೂ ಸಭೆ

ಪ್ರಕರಣ ಸಭೆಯ ದೊಡ್ಡ ಮಿತಿಯೆಂದರೆ ಅದು ದೊಡ್ಡ ಆಸ್ಪತ್ರೆಯ ನಾಲ್ಕು ಗೋಡೆಗಳೊಳಗೆ ಉಳಿದುಬಿಡುವುದು. ಇದಕ್ಕೆ ಪರಿಹಾರ ಹುಡುಕಿದವರೂ ಉದರರೋಗ ತಜ್ಞರೊಬ್ಬರೇ. ಭಾರತ ಮೂಲದ ಯಕೃತ್ ತಜ್ಞ ಸಂಜೀವ್ ಅರೋರಾ ಅವರು ಅಮೆರಿಕದ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದಲ್ಲಿದ್ದಾಗ ಹೆಪಟೈಟಿಸ್ ಸಿ ರೋಗಿಗಳು ಅವರ ಭೇಟಿಗೆ ಎಂಟು ತಿಂಗಳು ಕಾಯಬೇಕಿತ್ತು. 2003ರಲ್ಲಿ ಅವರು ‘ಎಕೋ’ ಯೋಜನೆ ಆರಂಭಿಸಿದರು. ಹಳ್ಳಿಗಳ ಮತ್ತು ಸೆರೆಮನೆಗಳ ವೈದ್ಯರು ವಾರಕ್ಕೊಮ್ಮೆ ವೀಡಿಯೊ ಮೂಲಕ ಕೂಡಿ ತಮ್ಮ ರೋಗಿಗಳ ಪ್ರಕರಣಗಳನ್ನು ಮಂಡಿಸುವುದು, ತಜ್ಞರು ಚರ್ಚಿಸುವುದು, ಚಿಕಿತ್ಸೆಯನ್ನು ಆ ವೈದ್ಯರೇ ನೀಡುವುದು ಅದರ ಕ್ರಮ. 2011ರಲ್ಲಿ ಪ್ರಕಟವಾದ ಫಲಿತಾಂಶ ಬೆರಗು ಹುಟ್ಟಿಸಿತು. ವಿಶ್ವವಿದ್ಯಾಲಯದ ಚಿಕಿತ್ಸಾಲಯದಲ್ಲಿ ಶೇ 57.5ರಷ್ಟು ರೋಗಿಗಳಲ್ಲಿ ವೈರಸ್ ತೊಲಗಿದ್ದರೆ, ದೂರದೂರಿನ ವೈದ್ಯರ ಕೈಯಲ್ಲಿ ಶೇ 58.2ರಷ್ಟು ರೋಗಿಗಳಲ್ಲಿ ತೊಲಗಿತ್ತು.

ಬೆಂಗಳೂರಿನ ನಿಮ್ಹಾನ್ಸ್ 2014ರಿಂದ ಇದೇ ಮಾದರಿಯನ್ನು ಮಾನಸಿಕ ಆರೋಗ್ಯ ಮತ್ತು ವ್ಯಸನ ಚಿಕಿತ್ಸೆಗೆ ಅಳವಡಿಸಿಕೊಂಡು ಅನ್ಯರಾಜ್ಯಗಳ ವೈದ್ಯರಿಗೂ ತರಬೇತಿ ನೀಡುತ್ತ ಬಂದಿದೆ. ಉದರರೋಗಕ್ಕೂ ಈ ದಾರಿ ತೆರೆದೇ ಇದೆ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಹೆಪಟೈಟಿಸ್ ಬಿ ಮತ್ತು ಸಿ ರೋಗಗಳಿಗೆ ಪರೀಕ್ಷೆ ಮತ್ತು ಔಷಧ ಉಚಿತ. ಔಷಧ ತಾಲ್ಲೂಕಿನವರೆಗೆ ತಲುಪಿದರೂ, ಯಾವ ರೋಗಿಗೆ ಯಾವಾಗ ಆರಂಭಿಸಬೇಕೆಂಬ ಧೈರ್ಯ ಅಲ್ಲಿನ ವೈದ್ಯರಿಗೆ ಬರಬೇಕಾದರೆ ಕೇಳಿ ತಿಳಿಯಲು ಒಂದು ಸಭೆ ಬೇಕು.

ರೋಗಿಯ ಹಕ್ಕು, ರೋಗಿಯ ಪಾಲು

ತನ್ನ ಕಾಯಿಲೆ ಇತರ ವೈದ್ಯರ ಚರ್ಚೆಗೆ ಬರುವುದೆಂದರೆ ರೋಗಿಗೆ ಅಳುಕು ಸಹಜ. ರೋಗಿಯ ಗುರುತು ತಿಳಿಯುವಂತೆ ಛಾಯಾಚಿತ್ರವನ್ನಾಗಲಿ ಪ್ರಕರಣದ ವಿವರವನ್ನಾಗಲಿ ಒಪ್ಪಿಗೆಯಿಲ್ಲದೆ ಪ್ರಕಟಿಸಕೂಡದೆಂದು 2002ರ ನಿಯಮಾವಳಿ ವಿಧಿಸುತ್ತದೆ. ಸಭೆಗಳಲ್ಲಿ ಹೆಸರು, ವಿಳಾಸ, ಮುಖ ಮರೆಮಾಡುವುದು ವೃತ್ತಿಧರ್ಮ.

ರೋಗಿಯೂ ಈ ಕಲಿಕೆಗೆ ನೆರವಾಗಬಲ್ಲ. ಕ್ಲಿನಿಕ್ಕಿನಿಂದ ಕ್ಲಿನಿಕ್ಕಿಗೆ ಹೋಗುವಾಗ ಹಳೆಯ ಚೀಟಿ, ಸ್ಕ್ಯಾನ್ ಚಿತ್ರಗಳು, ಎಂಡೋಸ್ಕೋಪಿ ವರದಿ, ಬಯಾಪ್ಸಿಯ ಗಾಜಿನ ಸ್ಲೈಡು ಮತ್ತು ಮೇಣದ ಬ್ಲಾಕುಗಳನ್ನು ಜೋಪಾನವಾಗಿ ಒಯ್ಯುವುದು ಉಚಿತ. ಮೂರು ವರ್ಷದ ಹಿಂದಿನ ಸ್ಲೈಡನ್ನು ಇನ್ನೊಬ್ಬ ಪೆಥಾಲಜಿ ತಜ್ಞರು ಮತ್ತೆ ನೋಡಿದಾಗ ರೋಗದ ಹೆಸರೇ ಬದಲಾಗುವುದುಂಟು. ಕೇಳಿದ 72 ಗಂಟೆಗಳೊಳಗೆ ದಾಖಲೆಯ ಪ್ರತಿ ನೀಡಬೇಕೆಂದೂ ಇದೇ ನಿಯಮಾವಳಿ ಹೇಳುತ್ತದೆ. ತಿಂಗಳುಗಟ್ಟಲೆ ಹೊಟ್ಟೆನೋವು ಬಗೆಹರಿಯದಿದ್ದರೆ ‘ನನ್ನ ಪ್ರಕರಣವನ್ನು ತಜ್ಞರ ಸಭೆಯಲ್ಲಿ ಚರ್ಚಿಸಬಹುದೇ?’ ಎಂದು ವೈದ್ಯರನ್ನು ಕೇಳುವುದರಲ್ಲಿ ತಪ್ಪಿಲ್ಲ. ವೈದ್ಯರೂ ಅದನ್ನು ಅವಿಶ್ವಾಸವೆಂದು ಎಣಿಸಬೇಕಾಗಿಲ್ಲ. ಆ ರೋಗಿಯ ಉತ್ತರ ಸಭೆಯಲ್ಲಿ ಸಿಕ್ಕರೆ, ಅದೇ ನೋವು ಹೊತ್ತು ಮುಂದೆ ಬರುವ ರೋಗಿಗೂ ಅದು ಒದಗಿಬರುತ್ತದೆ.